ಮಂಡಿನೋವಿನ ಒಂದು ಮಾತು, 186 ಡಾಲರ್ ಬಿಲ್: ಅಮೆರಿಕದ ಡಾಕ್ಟರ್ ಆಫೀಸಿನ ಲೆಕ್ಕ

ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್‌ಗೆ ಹೋಗಿದ್ದೆ. ಅಮೆರಿಕದ ಹೆಚ್ಚಿನ ವಿಮೆಗಳಲ್ಲಿ ಈ ಭೇಟಿಗೆ ನಾವು ದುಡ್ಡು ಕೊಡಬೇಕಿಲ್ಲ. ಬಿ.ಪಿ. ನೋಡಿದರು, ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ರಕ್ತ ತೆಗೆದುಕೊಂಡರು. ಇನ್ನೇನು ಏಳಬೇಕು ಅನ್ನುವಾಗ ಡಾಕ್ಟರ್ "ಮತ್ತೇನಾದರೂ ತೊಂದರೆ ಇದೆಯಾ?" ಅಂತ ಕೇಳಿದರು. "ಮೆಟ್ಟಿಲು ಹತ್ತುವಾಗ ಬಲ ಮಂಡಿ ನೋಯುತ್ತೆ" ಅಂದೆ. ಅವರು ಮಂಡಿ ಮಡಿಚಿ, ಒತ್ತಿ ನೋಡಿದರು. ಮಾತ್ರೆ ಬರೆದುಕೊಟ್ಟರು. ಖುಷಿಯಾಗಿ ಮನೆಗೆ ಬಂದೆ. ಆರು ವಾರದ ಮೇಲೆ 186 ಡಾಲರ್ ಬಿಲ್ ಬಂತು.

ಆಫೀಸಿಗೆ ಫೋನ್ ಮಾಡಿದೆ. ಇಪ್ಪತ್ತೈದು ನಿಮಿಷ ಹೋಲ್ಡ್‌ನಲ್ಲಿ ಕಾದ ಮೇಲೆ ಫ್ರಂಟ್ ಡೆಸ್ಕಿನವರು "ಬಿಲ್ಲಿನ ವಿಷಯ ನಮಗೆ ಗೊತ್ತಾಗಲ್ಲ, ಬಿಲ್ಲಿಂಗ್ ಆಫೀಸಿಗೆ ಕರೆ ಮಾಡಿ" ಅಂದರು. ಬಿಲ್ಲಿಂಗ್‌ನವರು "ನಿಮ್ಮ ವಿಮೆ ಕಂಪನಿ ಹೀಗೆ ತೀರ್ಮಾನ ಮಾಡಿದೆ, ಅವರನ್ನೇ ಕೇಳಿ" ಅಂದರು. ವಿಮೆಯವರು "ಡಾಕ್ಟರ್ ಆಫೀಸು ಕಳಿಸಿದ ಕೋಡ್ ನೋಡಿ ಮಾಡಿದ್ದೇವೆ, ಅಲ್ಲೇ ಕೇಳಿ" ಅಂದರು. ಮೂವರೂ ಸುಳ್ಳು ಹೇಳಿರಲಿಲ್ಲ. ಆದರೆ ಮೂವರ ಮಾತನ್ನು ಒಟ್ಟಿಗೆ ಇಟ್ಟು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಆ ಕೆಲಸ ಕೊನೆಗೆ ರೋಗಿಯ ತಲೆಗೇ ಬರುತ್ತದೆ.

ಇದು ನನಗೆ ಬೇಸರ ತರಿಸುವ ವಿಷಯ. ಯಾಕೆಂದರೆ ಬಿಲ್ ಅರ್ಥವಾಗದ ಎಷ್ಟೋ ಜನ ಹೆದರಿ ಸುಮ್ನೆ ಕಟ್ಟಿಬಿಡುತ್ತಾರೆ. ಇನ್ನು ಕೆಲವರು ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಎರಡನೆಯದು ನಿಜವಾಗಿಯೂ ಅಪಾಯ. ಹಾಗಾಗಿ ಆ 186 ಡಾಲರ್ ಹೇಗೆ ಹುಟ್ಟಿತು ಅಂತ ಬುಡದಿಂದ ಹೇಳುತ್ತೇನೆ. ನಿಮ್ಮ ಬಿಲ್ಲೂ ಬಹುಪಾಲು ಇದೇ ದಾರಿಯಲ್ಲಿ ಬಂದಿರುತ್ತದೆ.

ಆಡಿದ ಮಾತು ಅಂಕಿಯಾಗುವ ದಾರಿ

ನೀವು ಡಾಕ್ಟರ್ ಮುಂದೆ ಕೂತು ಹೇಳಿದ್ದು ಮಾತು. ವಿಮೆ ಕಂಪನಿಗೆ ಹೋಗುವುದು ಕೋಡ್. ಈ ನಡುವೆ ಮೂರು ನಾಲ್ಕು ಕೈ ಬದಲಾಗುತ್ತದೆ.

ಮೊದಲು ಫ್ರಂಟ್ ಡೆಸ್ಕ್. ಅಲ್ಲಿ ನಿಮ್ಮ ವಿಮೆ ಕಾರ್ಡ್ ನೋಡಿ ಮೆಂಬರ್ ನಂಬರ್, ಹುಟ್ಟಿದ ತಾರೀಕು, ಹೆಸರಿನ ಸ್ಪೆಲಿಂಗ್ ಟೈಪ್ ಮಾಡುತ್ತಾರೆ. ಆಮೇಲೆ ಡಾಕ್ಟರ್ ನಿಮ್ಮನ್ನು ನೋಡಿ ಟಿಪ್ಪಣಿ ಬರೆಯುತ್ತಾರೆ. ಆ ಟಿಪ್ಪಣಿಯನ್ನು ಓದಿ ಕೋಡ್ ಹಾಕುವುದು ಕೆಲವೊಮ್ಮೆ ಡಾಕ್ಟರೇ, ಹಲವು ಕಡೆ ಕೋಡರ್ ಅನ್ನುವ ಬೇರೆ ಉದ್ಯೋಗಿ. ಕೋಡ್ ಆದ ಮೇಲೆ ಅದು ಕ್ಲೇಮ್ ಆಗಿ, ಅಂದರೆ ವಿಮೆಯಿಂದ ದುಡ್ಡು ಕೇಳುವ ಅರ್ಜಿಯಾಗಿ, ಕ್ಲಿಯರಿಂಗ್‌ಹೌಸ್ ಅನ್ನುವ ಮಧ್ಯವರ್ತಿ ಕಂಪನಿಯ ಮೂಲಕ ವಿಮೆ ಕಂಪನಿಗೆ ಸೇರುತ್ತದೆ. ಅಲ್ಲಿ ಹೆಚ್ಚಿನ ಕ್ಲೇಮ್‌ಗಳನ್ನು ಕಂಪ್ಯೂಟರೇ ತೀರ್ಮಾನ ಮಾಡುತ್ತದೆ. ನಿಮ್ಮ ಮುಖ ನೋಡಿದ ಮನುಷ್ಯ ಈ ಸಾಲಿನಲ್ಲಿ ಇಬ್ಬರೇ: ಡೆಸ್ಕಿನವರು ಮತ್ತು ಡಾಕ್ಟರ್.

ಕೋಡ್‌ಗಳಲ್ಲಿ ಎರಡು ಜಾತಿ. ಒಂದು, ಏನು ಮಾಡಿದರು ಅನ್ನುವುದಕ್ಕೆ. ಇದನ್ನು ಸಿಪಿಟಿ ಕೋಡ್ ಅನ್ನುತ್ತಾರೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಇದನ್ನು ಮೊದಲು ತಂದದ್ದು 1966ರಲ್ಲಿ. ಐದು ಅಂಕಿ ಇರುತ್ತದೆ. ಇನ್ನೊಂದು, ಯಾಕೆ ಮಾಡಿದರು ಅನ್ನುವುದಕ್ಕೆ. ಅದು ಐಸಿಡಿ-10 ಕೋಡ್, ಅಂದರೆ ಕಾಯಿಲೆಯ ಹೆಸರು. ಅಮೆರಿಕ ಇದನ್ನು 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಇದು ಎಷ್ಟು ಸೂಕ್ಷ್ಮ ಅಂದರೆ ಬಲ ಮಂಡಿ ನೋವಿಗೆ ಎಂ25.561, ಎಡ ಮಂಡಿ ನೋವಿಗೆ ಎಂ25.562. ಒಂದು ಅಂಕಿ ಆಚೀಚೆ ಆದರೆ ನೋವು ಬೇರೆ ಕಾಲಿಗೆ ಹೋಗಿಬಿಡುತ್ತದೆ!

ಈ ಎರಡೂ ಜಾತಿಯ ಕೋಡ್‌ಗಳನ್ನು ಒಂದೇ ಫಾರಮ್ಮಿನಲ್ಲಿ ತುಂಬುತ್ತಾರೆ. ಅದರ ಹೆಸರು ಸಿಎಂಎಸ್-1500. ಈಗ ಅದು ಕಾಗದಕ್ಕಿಂತ ಕಂಪ್ಯೂಟರ್ ಮೂಲಕವೇ ಜಾಸ್ತಿ ಹೋಗುತ್ತದೆ, ಆದರೆ ಒಳಗಿನ ಕ್ರಮ ಅದೇ. ಮೇಲೆ ಹನ್ನೆರಡು ಕಾಯಿಲೆ ಕೋಡ್ ಬರೆಯಲು ಜಾಗ, ಎ ಇಂದ ಎಲ್ ವರೆಗೆ. ಕೆಳಗೆ ಮಾಡಿದ ಕೆಲಸದ ಸಾಲುಗಳು. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಅಕ್ಷರ ಬರೆಯಬೇಕು: ಈ ಕೆಲಸ ಮೇಲಿನ ಯಾವ ಕಾಯಿಲೆಗಾಗಿ ಮಾಡಿದ್ದು ಅಂತ. ಆ ಒಂದೇ ಅಕ್ಷರವನ್ನು ನೆನಪಿಡಿ. ನನ್ನ ಬಿಲ್ಲಿನ ಕತೆಯಲ್ಲಿ ಅದು ಮತ್ತೆ ಬರುತ್ತದೆ.

ಹತ್ತೇ ನಿಮಿಷ ನೋಡಿದರು, ಇಷ್ಟೊಂದು ಯಾಕೆ?

ಡಾಕ್ಟರ್ ಆಫೀಸಿನ ಬಗ್ಗೆ ರೋಗಿಗಳ ದೂರುಗಳಲ್ಲಿ ಇದು ನಾನು ಜಾಸ್ತಿ ಕೇಳಿದ್ದು. ಮುಕ್ಕಾಲು ಗಂಟೆ ಕಾಯಿಸಿದರು, ಹತ್ತು ನಿಮಿಷ ನೋಡಿದರು, ದೊಡ್ಡ ಭೇಟಿಯ ದರ ಹಾಕಿದರು ಅಂತ. ಕಾಯಿಸಿದ್ದಕ್ಕೆ ಸಿಟ್ಟು ಬರುವುದು ನ್ಯಾಯ. ಆದರೆ ದರದ ಲೆಕ್ಕ ಗಡಿಯಾರದ ಮೇಲೆ ಮಾತ್ರ ನಿಂತಿಲ್ಲ.

ಹಳೆಯ ರೋಗಿಯ ಭೇಟಿಗೆ 99211ರಿಂದ 99215ರವರೆಗೆ ಐದು ಮೆಟ್ಟಿಲು ಇವೆ. ಸಾಮಾನ್ಯವಾಗಿ ಬಿಲ್ಲಿನಲ್ಲಿ ಕಾಣುವುದು 99213 ಮತ್ತು 99214. 2021ರಲ್ಲಿ ನಿಯಮ ಬದಲಾಯಿತು. ಆಗಿನಿಂದ ಡಾಕ್ಟರ್ ಎರಡು ದಾರಿಯಲ್ಲಿ ಒಂದನ್ನು ಹಿಡಿಯಬಹುದು. ಒಂದು ಸಮಯ: 99213ಕ್ಕೆ ಕನಿಷ್ಠ 20 ನಿಮಿಷ, 99214ಕ್ಕೆ ಕನಿಷ್ಠ 30 ನಿಮಿಷ. ಈ ನಿಮಿಷಗಳಲ್ಲಿ ನಿಮ್ಮ ಹಳೆಯ ರಿಪೋರ್ಟ್ ಓದಿದ್ದು, ಅದೇ ದಿನ ಟಿಪ್ಪಣಿ ಬರೆದದ್ದು ಎಲ್ಲ ಸೇರುತ್ತದೆ. ಎರಡನೆಯ ದಾರಿ, ಅವರು ಮಾಡಬೇಕಾಗಿ ಬಂದ ತೀರ್ಮಾನ ಎಷ್ಟು ಕಷ್ಟದ್ದು ಅನ್ನುವುದು. ನಿಮಗೆ ಬಿ.ಪಿ. ಇದೆ, ಸಕ್ಕರೆ ಕಾಯಿಲೆಯೂ ಇದೆ. ಎರಡೂ ಹತೋಟಿಯಲ್ಲಿವೆ. ಡಾಕ್ಟರ್ ನೋಡಿ, ಅದೇ ಮಾತ್ರೆ ಮುಂದುವರಿಸಿ ಅಂತ ಬರೆದುಕೊಟ್ಟರು. ಹತ್ತೇ ನಿಮಿಷ ಆಗಿದ್ದರೂ ಇದು 99214 ಆಗಬಹುದು. ಎರಡು ದೀರ್ಘ ಕಾಯಿಲೆ, ಜೊತೆಗೆ ಔಷಧಿಯ ತೀರ್ಮಾನ, ಅಷ್ಟು ಸಾಕು.

ಇದು ಗೊತ್ತಿಲ್ಲದೆ "ನನ್ನನ್ನು ಹತ್ತು ನಿಮಿಷ ಮಾತ್ರ ನೋಡಿದರು" ಅಂತ ವಾದ ಮಾಡಿದರೆ ಬಿಲ್ಲಿಂಗ್‌ನವರು ಒಪ್ಪುವುದಿಲ್ಲ. "ಈ ಮೆಟ್ಟಿಲು ಸಮಯದ ಮೇಲೆ ಹಾಕಿದ್ದಾ, ತೀರ್ಮಾನದ ಮೇಲೆ ಹಾಕಿದ್ದಾ? ಟಿಪ್ಪಣಿಯಲ್ಲಿ ಅದಕ್ಕೆ ಆಧಾರ ಎಲ್ಲಿದೆ?" ಅಂತ ಕೇಳಿ. ಆಗ ಯಾರೋ ಒಬ್ಬರು ಟಿಪ್ಪಣಿ ತೆರೆದು ನೋಡಲೇಬೇಕಾಗುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ ಆಗಿತ್ತು. ಆ ಟಿಪ್ಪಣಿ ನೋಡುವ ಹಕ್ಕು ನಿಮಗೂ ಇದೆ. 1996ರ ಹಿಪಾ ಕಾನೂನಿನ ಕೆಳಗೆ ಬಂದ ನಿಯಮಗಳ ಪ್ರಕಾರ ವೈದ್ಯಕೀಯ ದಾಖಲೆಯ ಜೊತೆ ಬಿಲ್ಲಿಂಗ್ ದಾಖಲೆಯನ್ನೂ ಕೇಳಿ ಪಡೆಯಬಹುದು. ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು.

ಹೊಸ ರೋಗಿ ಅನ್ನುವುದರಲ್ಲೂ ಒಂದು ತಿರುವು ಇದೆ. ಅದೇ ಗುಂಪಿನ, ಅದೇ ವಿಭಾಗದ ಯಾವ ಡಾಕ್ಟರನ್ನೂ ಮೂರು ವರ್ಷದಿಂದ ನೋಡಿಲ್ಲ ಅಂದರೆ ನೀವು ಮತ್ತೆ ಹೊಸಬರು. ಹೊಸಬರ ದರ ಜಾಸ್ತಿ. ಎರಡು ವರ್ಷದ ಹಿಂದೆ ಅದೇ ಗುಂಪಿನ, ಅದೇ ವಿಭಾಗದ ಇನ್ನೊಬ್ಬ ಡಾಕ್ಟರನ್ನು ನೋಡಿದ್ದರೂ ಹೊಸಬರ ಕೋಡ್ ಹಾಕಿದ್ದರೆ ಅದು ತಪ್ಪು.

ಪುಕ್ಕಟೆ ಚೆಕಪ್‌ಗೆ ಬಿಲ್ ಹೇಗೆ ಬಂತು

2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಅನ್ನುವ ಆರೋಗ್ಯ ವಿಮೆಯ ಕಾನೂನು ಬಂದ ಮೇಲೆ ಹೆಚ್ಚಿನ ವಿಮೆಗಳು ಕಾಯಿಲೆ ಬರದಂತೆ ತಡೆಯುವ ಕೆಲವು ಸೇವೆಗಳನ್ನು ರೋಗಿಯಿಂದ ಏನೂ ಪಡೆಯದೆ ಕೊಡಬೇಕು. ವರ್ಷದ ಚೆಕಪ್, ಲಸಿಕೆ, ಕೆಲವು ತಪಾಸಣೆ ಇದರಲ್ಲಿ ಬರುತ್ತವೆ. ಆದರೆ ಇದಕ್ಕೆ ಒಂದು ಬೇಲಿ ಇದೆ. ಏನೂ ತೊಂದರೆ ಇಲ್ಲದವರಲ್ಲಿ ಮುಂಚೆಯೇ ಹುಡುಕಿ ನೋಡುವುದು ತಪಾಸಣೆ. ಇರುವ ತೊಂದರೆಗೆ ನೋಡುವುದು ಚಿಕಿತ್ಸೆ. ಮೊದಲನೆಯದು ಪುಕ್ಕಟೆ, ಎರಡನೆಯದು ಅಲ್ಲ.

ನಾನು ಮಂಡಿ ಅಂದ ಕೂಡಲೇ ಬೇಲಿ ದಾಟಿದ್ದೆ. ಕಾಗದದ ಮೇಲೆ ಆ ದಿನ ನನಗೆ ಎರಡು ಭೇಟಿ ಆಗಿತ್ತು. ಒಂದು 99396, ಅಂದರೆ 40ರಿಂದ 64 ವಯಸ್ಸಿನ ಹಳೆಯ ರೋಗಿಯ ವರ್ಷದ ಚೆಕಪ್. ಇನ್ನೊಂದು 99213, ಮಂಡಿಗೆ. ಒಂದೇ ದಿನ ಎರಡು ಬೇರೆ ಕೆಲಸ ಆಯಿತು ಅಂತ ತೋರಿಸಲು 99213ರ ಬಾಲಕ್ಕೆ 25 ಅಂತ ಸೇರಿಸುತ್ತಾರೆ. ಇದನ್ನು ಮಾಡಿಫಯರ್ ಅನ್ನುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಯಾವ ಕೋಡಿನ ಪಕ್ಕದಲ್ಲಾದರೂ 25 ಕಂಡರೆ, ಅದರ ಅರ್ಥ ಇದೇ.

ನಿಯಮದ ಪ್ರಕಾರ ಹೀಗೆ ಹಾಕಬೇಕಾದರೆ ಆ ಎರಡನೆಯ ಕೆಲಸ ಗಣನೀಯವಾಗಿರಬೇಕು. "ಮಂಡಿ ಸ್ವಲ್ಪ ನೋವು" ಅಂದಿದ್ದಕ್ಕೆ ಡಾಕ್ಟರ್ "ನೋಡೋಣ, ಜಾಸ್ತಿ ಆದರೆ ಬನ್ನಿ" ಅಂದು ಕಳಿಸಿದ್ದರೆ ಅದಕ್ಕೆ ಬೇರೆ ಕೋಡ್ ಹಾಕುವಂತಿಲ್ಲ. ನನ್ನ ವಿಷಯದಲ್ಲಿ ಅವರು ಮಂಡಿ ಪರೀಕ್ಷೆ ಮಾಡಿದ್ದರು, ಔಷಧಿ ಬರೆದಿದ್ದರು. ಟಿಪ್ಪಣಿಯಲ್ಲಿ ಎಲ್ಲ ಇತ್ತು. ಹಾಗಾಗಿ ಮಂಡಿಯ 128 ಡಾಲರ್ ಸರಿಯಾಗಿಯೇ ಇತ್ತು. ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ, ಯಾಕೆಂದರೆ ಹೇಳುವ ಮುಂಚೆ ಯಾರೂ ನನಗೆ ಇದು ಬೇರೆ ಆಗುತ್ತದೆ ಅನ್ನಲಿಲ್ಲ. ಒಂದೇ ಒಂದು ವಾಕ್ಯ ಸಾಕಿತ್ತು. ಈ ಒಂದು ವಾಕ್ಯವನ್ನು ಎಲ್ಲ ಆಫೀಸಿನವರೂ ಹೇಳುವ ಅಭ್ಯಾಸ ಮಾಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಅಂತ ನನ್ನ ನಂಬಿಕೆ.

ಉಳಿದ 58 ಡಾಲರ್ ಕೊಲೆಸ್ಟರಾಲ್ ಮತ್ತು ಸಕ್ಕರೆ ಪರೀಕ್ಷೆಯದ್ದು. ಆ ಆಫೀಸಿನಲ್ಲೇ ಲ್ಯಾಬ್ ಇತ್ತು, ಬಿಲ್ಲೂ ಅವರದೇ. ಚೆಕಪ್ಪಿನ ಭಾಗವಾಗಿ ಮಾಡಿದ ಪರೀಕ್ಷೆ ಅದು. ನನ್ನ ವಿಮೆಯಲ್ಲಿ ಅದಕ್ಕೆ ನಾನು ದುಡ್ಡು ಕೊಡಬೇಕಿಲ್ಲ. ಮತ್ತೆ ಯಾಕೆ ಬಂತು? ಆ ಅಕ್ಷರ. ಫಾರಮ್ಮಿನಲ್ಲಿ ಎ ಅಂದರೆ ಚೆಕಪ್, ಬಿ ಅಂದರೆ ಮಂಡಿನೋವು. ರಕ್ತ ಪರೀಕ್ಷೆಯ ಸಾಲಿನ ಪಕ್ಕದಲ್ಲಿ ಎ ಬದಲು ಬಿ ಬಿದ್ದಿತ್ತು. ಮಂಡಿನೋವಿಗೆ ಕೊಲೆಸ್ಟರಾಲ್ ನೋಡಿದ ಹಾಗೆ ಆಯಿತು. ವಿಮೆಯ ಕಂಪ್ಯೂಟರ್ ಅದನ್ನು ಚಿಕಿತ್ಸೆ ಅಂತ ಓದಿಕೊಂಡು ಖರ್ಚನ್ನು ನನ್ನ ಪಾಲಿಗೆ ಹಾಕಿತು.

ಡಿಡಕ್ಟಿಬಲ್, ಕೋಪೇ, ಕೋಇನ್ಶೂರೆನ್ಸ್

ಈ ಮೂರು ಪದ ಕೇಳಿದರೆ ತುಂಬಾ ಜನಕ್ಕೆ ತಲೆ ತಿರುಗುತ್ತದೆ. ಒಂದು ಲೆಕ್ಕ ಮಾಡಿದರೆ ಸರಿಹೋಗುತ್ತದೆ.

ಒಂದು ಭೇಟಿಗೆ ಆಫೀಸಿನವರು 300 ಡಾಲರ್ ಬರೆದರು ಅಂದುಕೊಳ್ಳಿ. ಈ 300ನ್ನು ನಿಜವಾದ ಬೆಲೆ ಅಂತ ತಿಳಿಯಬೇಡಿ. ವಿಮೆ ಕಂಪನಿಯ ಜೊತೆ ಆಫೀಸು ಮುಂಚೆಯೇ ಒಪ್ಪಂದ ಮಾಡಿಕೊಂಡಿರುತ್ತದೆ. ಒಪ್ಪಂದದ ದರ 180 ಡಾಲರ್ ಅನ್ನಿ. ಇದಕ್ಕೆ ಅಲೌಡ್ ಅಮೌಂಟ್ ಅಂತ ಹೆಸರು. ಉಳಿದ 120ನ್ನು ಆಫೀಸು ಬಿಟ್ಟುಬಿಡಬೇಕು, ನಿಮ್ಮಿಂದ ಕೇಳುವಂತಿಲ್ಲ. ಹಾಗಾದರೆ 300 ಅಂತ ಬರೆಯುವುದಾದರೂ ಯಾಕೆ? ಬರೆದ ದರ, ಒಪ್ಪಂದದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತೇವೆ ಅಂತ ಹಲವು ಒಪ್ಪಂದಗಳಲ್ಲಿ ಇರುತ್ತದೆ. ಒಂದೊಂದು ಕಂಪನಿಯ ದರ ಒಂದೊಂದು ಥರ. ಕಡಿಮೆ ಬರೆದು ನಷ್ಟ ಮಾಡಿಕೊಳ್ಳಬಾರದು ಅಂತ ಎಲ್ಲಕ್ಕಿಂತ ಮೇಲಿನ ದರ ಬರೆದಿಟ್ಟುಕೊಳ್ಳುತ್ತಾರೆ. ಈ ದೊಡ್ಡ ಅಂಕಿ ಪೂರ್ತಿಯಾಗಿ ಬೀಳುವುದು ಪಾಪ, ವಿಮೆ ಇಲ್ಲದವರ ಮೇಲೆ.

ಈಗ 180ನ್ನು ಹಂಚೋಣ. ನಿಮ್ಮ ಡಿಡಕ್ಟಿಬಲ್ ವರ್ಷಕ್ಕೆ 1,500 ಡಾಲರ್. ಅಂದರೆ ಮೊದಲ 1,500 ಡಾಲರ್ ಖರ್ಚು ನಿಮ್ಮದೇ. ಈ ವರ್ಷ ಈಗಾಗಲೇ 1,400 ಆಗಿದೆ. ಹಾಗಾಗಿ 180ರಲ್ಲಿ ಮೊದಲ 100 ನೀವು ಕೊಡಬೇಕು. ಉಳಿದದ್ದು 80. ಅದರಲ್ಲಿ ನಿಮ್ಮ ಕೋಇನ್ಶೂರೆನ್ಸ್ ಶೇಕಡಾ 20, ಅಂದರೆ 16 ಡಾಲರ್. ಒಟ್ಟು ನಿಮ್ಮ ಪಾಲು 116. ವಿಮೆ ಕೊಡುವುದು 64. ಮುಂದಿನ ತಿಂಗಳು ಅದೇ ಭೇಟಿಗೆ ಹೋದರೆ ನಿಮ್ಮ ಪಾಲು 36 ಮಾತ್ರ, ಯಾಕೆಂದರೆ ಡಿಡಕ್ಟಿಬಲ್ ತುಂಬಿದೆ. ಒಂದೇ ಡಾಕ್ಟರ್, ಒಂದೇ ಕೆಲಸ, ಎರಡು ಬೇರೆ ಮೊತ್ತ. ಕೋಪೇ ಅಂದರೆ ಇದರಿಂದ ಬೇರೆ, ಭೇಟಿಗೆ ಇಷ್ಟು ಅಂತ ಗೊತ್ತುಪಡಿಸಿದ ಮೊತ್ತ. ಸಾಮಾನ್ಯವಾಗಿ ಡೆಸ್ಕಿನಲ್ಲೇ ತಗೋತಾರೆ. ಅದರ ರಸೀದಿ ಇಟ್ಟುಕೊಳ್ಳಿ. ಕೊಟ್ಟ ಕೋಪೇ ಬಿಲ್ಲಿನಲ್ಲಿ ಕಳೆಯದೆ ಮತ್ತೆ ಕೇಳಿದ್ದನ್ನು ನಾನು ನೋಡಿದ್ದೇನೆ.

ಈ ಹಂಚಿಕೆ ಎಲ್ಲ ಬರೆದು ವಿಮೆ ಕಂಪನಿ ನಿಮಗೆ ಒಂದು ಕಾಗದ ಕಳಿಸುತ್ತದೆ. ಅದು ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್, ಎಲ್ಲರೂ ಇಓಬಿ ಅನ್ನುತ್ತಾರೆ. ಮೇಲೆ ದಪ್ಪಕ್ಷರದಲ್ಲಿ ಇದು ಬಿಲ್ ಅಲ್ಲ ಅಂತ ಬರೆದಿರುತ್ತದೆ. ಹಾಗಂತ ಕಸದ ಬುಟ್ಟಿಗೆ ಹಾಕಬೇಡಿ. ನಿಮ್ಮ ಕೈಯಲ್ಲಿರುವ ಅತಿ ಮುಖ್ಯ ಕಾಗದ ಅದೇ. ಆಫೀಸಿನ ಬಿಲ್ ಬಂದಾಗ ಅದನ್ನು ಪಕ್ಕದಲ್ಲಿಟ್ಟು ನೋಡಿ. ತಾರೀಕು, ಕೋಡ್, ನಿಮ್ಮ ಪಾಲು, ಈ ಮೂರೂ ಹೊಂದಬೇಕು. ಬಿಲ್ಲಿನ ಮೊತ್ತ ಇಓಬಿಯಲ್ಲಿ ಹೇಳಿದ ನಿಮ್ಮ ಪಾಲಿಗಿಂತ ಜಾಸ್ತಿ ಇದ್ದರೆ ಕಟ್ಟುವ ಮುಂಚೆ ಕೇಳಿ. ಇಓಬಿ ಇನ್ನೂ ಬಂದೇ ಇಲ್ಲ ಅಂದರೆ, ಕ್ಲೇಮ್ ವಿಮೆಗೆ ಹೋಗಿದೆಯೋ ಇಲ್ಲವೋ ಅಂತ ಮೊದಲು ಕೇಳಿ.

"ನಮ್ಮ ವಿಮೆ ತಗೋತೀರಾ?"

ಅಪಾಯಿಂಟ್‌ಮೆಂಟ್ ಮಾಡುವಾಗ ಎಲ್ಲರೂ ಇದೇ ಪ್ರಶ್ನೆ ಕೇಳುತ್ತಾರೆ. ಇದು ತಪ್ಪು ಪ್ರಶ್ನೆ. "ತಗೋತೀವಿ" ಅಂದರೆ ಆ ಕಂಪನಿಗೆ ಕ್ಲೇಮ್ ಕಳಿಸುತ್ತೇವೆ ಅಂತ ಮಾತ್ರ ಇರಬಹುದು. ಒಂದೇ ಕಂಪನಿಯಲ್ಲಿ ಹತ್ತಾರು ಪ್ಲಾನ್ ಇರುತ್ತವೆ. ಒಂದರ ನೆಟ್‌ವರ್ಕಿನಲ್ಲಿರುವ ಡಾಕ್ಟರ್ ಇನ್ನೊಂದರಲ್ಲಿ ಇಲ್ಲದೇ ಇರಬಹುದು. ನೆಟ್‌ವರ್ಕ್ ಅಂದರೆ ಆ ಪ್ಲಾನಿನ ಜೊತೆ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿ. ಕಾರ್ಡಿನ ಮೇಲಿರುವ ಪ್ಲಾನ್ ಹೆಸರು ಓದಿ ಹೇಳಿ, "ಈ ಡಾಕ್ಟರ್, ಈ ಜಾಗದಲ್ಲಿ, ಈ ಪ್ಲಾನಿಗೆ ಇನ್-ನೆಟ್‌ವರ್ಕ್ ಹೌದಾ?" ಅಂತ ಕೇಳಬೇಕು. ಅದನ್ನೇ ವಿಮೆ ಕಂಪನಿಗೂ ಕೇಳಿ.

ಡಾಕ್ಟರ್ ನೆಟ್‌ವರ್ಕಿನಲ್ಲಿದ್ದರೂ ಅವರು ರಕ್ತ ಕಳಿಸುವ ಲ್ಯಾಬ್ ಇರಬೇಕಂತಿಲ್ಲ. "ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತೆ?" ಅಂತ ರಕ್ತ ಕೊಡುವ ಮುಂಚೆ ಕೇಳಿ, ನಿಮ್ಮ ವಿಮೆಯ ಲ್ಯಾಬಿಗೇ ಕಳಿಸಲು ಹೇಳಬಹುದು. ಇನ್ನೊಂದು, ಆ ಆಫೀಸು ಯಾವುದಾದರೂ ಆಸ್ಪತ್ರೆಗೆ ಸೇರಿದ ವಿಭಾಗವಾ ಅಂತ ಕೇಳಿ. ಆಸ್ಪತ್ರೆಗಳು ಡಾಕ್ಟರ್ ಆಫೀಸುಗಳನ್ನು ಕೊಂಡುಕೊಳ್ಳುವುದು ಈಗ ಸಾಮಾನ್ಯ. ಅದೇ ಕಟ್ಟಡ, ಅದೇ ಡಾಕ್ಟರ್. ಆದರೆ ಬಿಲ್ ಎರಡು ಬರುತ್ತದೆ: ಡಾಕ್ಟರದ್ದು ಒಂದು, ಜಾಗದ್ದು ಒಂದು. ಎರಡನೆಯದಕ್ಕೆ ಫೆಸಿಲಿಟಿ ಫೀ ಅನ್ನುತ್ತಾರೆ.

ನೆಟ್‌ವರ್ಕಿನ ಹೊರಗಿನವರಿಂದ ಹಠಾತ್ತನೆ ಬರುವ ದೊಡ್ಡ ಬಿಲ್ಲುಗಳ ವಿರುದ್ಧ 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆ್ಯಕ್ಟ್ ಜಾರಿಯಲ್ಲಿದೆ. ತುರ್ತು ಚಿಕಿತ್ಸೆಗೆ ಹೋದರೆ, ಅಥವಾ ನೆಟ್‌ವರ್ಕಿನ ಆಸ್ಪತ್ರೆಯಲ್ಲಿ ಹೊರಗಿನ ಅರಿವಳಿಕೆ ಡಾಕ್ಟರ್ ಬಂದರೆ, ನೀವು ನೆಟ್‌ವರ್ಕಿನ ಪಾಲು ಕೊಟ್ಟರೆ ಸಾಕು. ವಿಮಾನದ ಆಂಬ್ಯುಲೆನ್ಸಿಗೂ ಇದು ಅನ್ವಯಿಸುತ್ತದೆ. ರಸ್ತೆಯ ಆಂಬ್ಯುಲೆನ್ಸಿಗೆ ಇಲ್ಲ. ಮತ್ತೆ ಈ ರಕ್ಷಣೆ ಆಸ್ಪತ್ರೆ, ಶಸ್ತ್ರಚಿಕಿತ್ಸಾ ಕೇಂದ್ರದಂಥ ಜಾಗಗಳಿಗೆ. ಸಾಮಾನ್ಯ ಡಾಕ್ಟರ್ ಆಫೀಸಿಗೆ ಹೋದಾಗ ನೆಟ್‌ವರ್ಕ್ ನೋಡಿಕೊಳ್ಳುವ ಹೊಣೆ ನಮ್ಮದೇ. ಆಸ್ಪತ್ರೆಯಲ್ಲಿ ಕೊಡುವ ಕಾಗದಗಳಲ್ಲಿ ಈ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆ ಅನ್ನುವ ಒಪ್ಪಿಗೆ ಪತ್ರವೂ ಇರಬಹುದು. ಓದದೆ ಸಹಿ ಹಾಕಬೇಡಿ.

ಡೆಸ್ಕಿನ ಆಚೆ ಕೂತವರು

ಫ್ರಂಟ್ ಡೆಸ್ಕಿನವರ ಮೇಲೆ ಸಿಟ್ಟು ಬರುವುದು ಸಹಜ. ಅವರೇ ಎದುರಿಗೆ ಸಿಗುವವರು. ಆದರೆ ಬಿಲ್ಲಿಂಗ್ ಹಲವು ಕಡೆ ಬೇರೆ ಊರಿನ ಬೇರೆ ಕಂಪನಿಯ ಕೈಯಲ್ಲಿರುತ್ತದೆ. ಡೆಸ್ಕಿನವರ ಕಂಪ್ಯೂಟರಿನಲ್ಲಿ ನಿಮ್ಮ ಬಾಕಿ ಮೊತ್ತ ಮಾತ್ರ ಕಾಣುತ್ತದೆ, ಅದು ಯಾಕೆ ಬಂತು ಅಂತ ಕಾಣುವುದಿಲ್ಲ. ಅವರನ್ನು ಬೈದರೆ ಅವರಿಗೂ ಕಷ್ಟ, ನಿಮಗೂ ಕೆಲಸ ಆಗುವುದಿಲ್ಲ.

ಅವರಿಂದ ಆಗುವ ಕೆಲಸ ಬೇರೆ ಇದೆ. ಪ್ರತಿ ಸಲ ಹೋದಾಗ "ನನ್ನ ಹೆಸರು, ಹುಟ್ಟಿದ ತಾರೀಕು, ಮೆಂಬರ್ ನಂಬರ್ ಹೇಗೆ ಬರೆದಿದ್ದೀರಿ, ಒಮ್ಮೆ ಓದಿ ಹೇಳ್ತೀರಾ?" ಅಂತ ಕೇಳಿ. ನಮ್ಮ ಹೆಸರುಗಳಲ್ಲಿ ಇದು ಇನ್ನೂ ಮುಖ್ಯ. ತಂದೆಯ ಹೆಸರು, ಮನೆತನದ ಹೆಸರು, ಇನಿಷಿಯಲ್ ಎಲ್ಲ ಸೇರಿ ಕಾರ್ಡಿನಲ್ಲಿ ಒಂದು ಥರ, ಆಫೀಸಿನಲ್ಲಿ ಇನ್ನೊಂದು ಥರ ಆಗಿರುತ್ತದೆ. ಅಷ್ಟಕ್ಕೇ ಕ್ಲೇಮ್ ವಾಪಸ್ ಬರುತ್ತದೆ. ಕೆಲಸ ಬದಲಾಯಿಸಿದ್ದರೆ ಹೊಸ ಕಾರ್ಡ್ ತೋರಿಸಿ, ಹಳೆಯದನ್ನು ತೆಗೆಸಿ.

ಇಂಗ್ಲಿಷ್ ಅಷ್ಟಾಗಿ ಬರದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಸರ್ಕಾರದ ಆರೋಗ್ಯ ಹಣ ಪಡೆಯುವ ಆಸ್ಪತ್ರೆ, ಆಫೀಸುಗಳು ಅಫೋರ್ಡಬಲ್ ಕೇರ್ ಆ್ಯಕ್ಟಿನ 1557ನೇ ಸೆಕ್ಷನ್ ಪ್ರಕಾರ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಫೋನಿನಲ್ಲೂ ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ "ಕನ್ನಡ" ಅಂತ ಹೇಳಿ ಬರೆಸಿ. ಎದೆನೋವು, ಮೂತ್ರದ ತೊಂದರೆ ಇಂಥದ್ದನ್ನು ಮಕ್ಕಳ ಬಾಯಲ್ಲಿ ಹೇಳಿಸಲು ಹಿರಿಯರು ಸಂಕೋಚ ಪಡುತ್ತಾರೆ, ಅರ್ಧ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಅರ್ಧದಲ್ಲೇ ಕಾಯಿಲೆ ಇರಬಹುದು.

ವಿಮೆ "ಇಲ್ಲ" ಅಂದರೆ

ಕ್ಲೇಮ್ ತಿರಸ್ಕಾರವಾದಾಗ ಇಓಬಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಇರುತ್ತದೆ. ಎಷ್ಟೋ ಸಲ ಅದು ಸಣ್ಣ ಕಾರಣವೇ. ನಂಬರ್ ತಪ್ಪು. ಮುಂಚೆ ಅನುಮತಿ ಪಡೆದಿಲ್ಲ. ಕಾಯಿಲೆಯ ಕೋಡಿಗೂ ಪರೀಕ್ಷೆಯ ಕೋಡಿಗೂ ಹೊಂದಲಿಲ್ಲ. ಅಥವಾ "ನಿಮಗೆ ಬೇರೆ ವಿಮೆ ಇದೆಯಾ?" ಅಂತ ಕಂಪನಿ ಕಳಿಸಿದ ಪತ್ರಕ್ಕೆ ನೀವು ಉತ್ತರ ಕೊಟ್ಟಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಆಫೀಸಿನ ವಿಮೆ ಇರುವ ಮನೆಗಳಲ್ಲಿ ಈ ಕೊನೆಯದು ತುಂಬಾ ಆಗುತ್ತದೆ. ಐದು ನಿಮಿಷದ ಫೋನಿನಲ್ಲಿ ಮುಗಿಯುವ ಕೆಲಸ.

ತಪ್ಪು ಆಫೀಸಿನದಾದರೆ "ಕರೆಕ್ಟೆಡ್ ಕ್ಲೇಮ್ ಕಳಿಸಿ" ಅನ್ನಬೇಕು. ಈ ಎರಡು ಪದ ಬಿಲ್ಲಿಂಗ್‌ನವರಿಗೆ ತಕ್ಷಣ ಅರ್ಥವಾಗುತ್ತದೆ. "ಬಿಲ್ ಕಡಿಮೆ ಮಾಡಿ" ಅಂದರೆ ಆಗುವುದಿಲ್ಲ. ತಪ್ಪು ವಿಮೆಯದ್ದಾದರೆ ಅಪೀಲು. ತಿರಸ್ಕಾರದ ಪತ್ರ ಬಂದ ಮೇಲೆ ಮೊದಲ ಅಪೀಲಿಗೆ 180 ದಿನ ಇರುತ್ತದೆ. ಮುಗಿದುಹೋದ ಚಿಕಿತ್ಸೆಯದಾದರೆ ಅವರು 60 ದಿನದೊಳಗೆ ಉತ್ತರ ಕೊಡಬೇಕು. ಅಲ್ಲೂ ಇಲ್ಲ ಅಂದರೆ, ಆ ಚಿಕಿತ್ಸೆ ಬೇಕಿರಲಿಲ್ಲ ಅನ್ನುವ ಥರದ ತಕರಾರುಗಳನ್ನು ಕಂಪನಿಯ ಹೊರಗಿನ ಪರಿಶೀಲಕರ ಮುಂದೆ ಒಯ್ಯಬಹುದು. ಅದಕ್ಕೆ ನಾಲ್ಕು ತಿಂಗಳ ಗಡುವು. ಅವರ ತೀರ್ಮಾನವನ್ನು ಕಂಪನಿ ಒಪ್ಪಲೇಬೇಕು. ಡಾಕ್ಟರ್ ಬರೆದುಕೊಡುವ ಒಂದು ಪುಟದ ಪತ್ರ ಇಲ್ಲಿ ತುಂಬಾ ಬಲ ಕೊಡುತ್ತದೆ. ಕೇಳಲು ಹಿಂಜರಿಯಬೇಡಿ.

ಯಾರ ಜೊತೆ ಮಾತಾಡಿದರೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಹೆಸರು, ರೆಫರೆನ್ಸ್ ನಂಬರ್ ಬರೆದಿಡಿ. ಎರಡನೇ ಸಲ ಫೋನ್ ಮಾಡಿದಾಗ "14ನೇ ತಾರೀಕು ಇಂಥವರು ಹೀಗೆ ಹೇಳಿದರು" ಅಂದರೆ ಮಾತಿನ ರೀತಿಯೇ ಬದಲಾಗುತ್ತದೆ. ವಿವಾದ ನಡೆಯುವಾಗ "ಈ ಖಾತೆಯನ್ನು ಹೋಲ್ಡ್‌ನಲ್ಲಿಡಿ, ಕಲೆಕ್ಷನ್‌ಗೆ ಕಳಿಸಬೇಡಿ" ಅಂತ ಕೇಳಿಕೊಳ್ಳಿ. ಕಲೆಕ್ಷನ್ ಅಂದರೆ ಬಾಕಿ ವಸೂಲಿ ಮಾಡುವ ಕಂಪನಿ.

ಕಟ್ಟಲು ಕೈಯಲ್ಲಿ ಇಲ್ಲದಿದ್ದಾಗ

ಬಿಲ್ ಸರಿಯಾಗಿಯೇ ಇದೆ, ಆದರೆ ದುಡ್ಡಿಲ್ಲ. ಇದು ನಾಚಿಕೆ ಪಡುವ ವಿಷಯ ಅಲ್ಲವೇ ಅಲ್ಲ. ಲಾಭಕ್ಕಲ್ಲದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಪಡೆಯಬೇಕಾದರೆ ಬಡವರಿಗೆ ನೆರವು ಕೊಡುವ ಲಿಖಿತ ಯೋಜನೆ ಇಟ್ಟಿರಲೇಬೇಕು. ಮನೆಗೆ ಬಂದ ಮೇಲೆ ಮೊದಲ ಬಿಲ್ ಬಂದ ದಿನದಿಂದ 240 ದಿನದವರೆಗೆ ಅದಕ್ಕೆ ಅರ್ಜಿ ಹಾಕಬಹುದು. ಚಿಕ್ಕ ಡಾಕ್ಟರ್ ಆಫೀಸುಗಳಿಗೆ ಈ ಕಟ್ಟುಪಾಡಿಲ್ಲ, ಆದರೂ ಬಡ್ಡಿ ಇಲ್ಲದೆ ಕಂತಿನಲ್ಲಿ ಕಟ್ಟಲು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಡೆಸ್ಕಿನಲ್ಲಿ ವೈದ್ಯಕೀಯ ಕ್ರೆಡಿಟ್ ಕಾರ್ಡ್ ಕೊಡಲು ಬಂದರೆ ಅವಸರ ಮಾಡಬೇಡಿ. ಅಲ್ಲಿ ಬಡ್ಡಿ ಆಮೇಲೆ ಒಟ್ಟಿಗೆ ಬಂದು ಬೀಳಬಹುದು.

ವಿಮೆ ಇಲ್ಲದವರು, ಅಥವಾ ವಿಮೆ ಬಳಸದೆ ಕೈಯಿಂದಲೇ ಕೊಡುವವರು, ಮುಂಚೆಯೇ ಗುಡ್ ಫೇತ್ ಎಸ್ಟಿಮೇಟ್ ಕೇಳಬೇಕು. ಅಂದಾಜು ಖರ್ಚನ್ನು ಬರೆದು ಕೊಡುವುದು ಕಾನೂನು. ಕೊನೆಗೆ ಬಂದ ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಇನ್ನೂ ಹೆಚ್ಚಾಗಿದ್ದರೆ 120 ದಿನದೊಳಗೆ ಸರ್ಕಾರದ ವ್ಯವಸ್ಥೆಯಲ್ಲಿ ಪ್ರಶ್ನಿಸಬಹುದು. ಕಾಗದ ಕೈಯಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ, ಬಾಯಿಮಾತಿನ ಅಂದಾಜಿಗೆ ಬೆಲೆ ಇಲ್ಲ.

ಕಲೆಕ್ಷನ್ ಏಜೆನ್ಸಿಯ ಪತ್ರ ಬಂದರೆ ಹೆದರಿ ಕಟ್ಟುವ ಮುಂಚೆ 30 ದಿನದೊಳಗೆ ಬರವಣಿಗೆಯಲ್ಲಿ "ಇದು ನನ್ನ ಸಾಲ ಅಂತ ತೋರಿಸಿ" ಅಂತ ಕೇಳುವ ಹಕ್ಕಿದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನುವ, ಜನರ ಸಾಲದ ದಾಖಲೆ ಇಡುವ ಮೂರೂ ಕ್ರೆಡಿಟ್ ಸಂಸ್ಥೆಗಳು ಕಟ್ಟಿ ಮುಗಿಸಿದ ವೈದ್ಯಕೀಯ ಬಾಕಿಗಳನ್ನು 2022ರಲ್ಲಿ ಆ ದಾಖಲೆಯಿಂದ ತೆಗೆದುಹಾಕಿದವು, ಹೊಸ ಬಾಕಿ ಸೇರಿಸುವ ಮುಂಚೆ ಒಂದು ವರ್ಷ ಕಾಯುವುದಾಗಿ ಹೇಳಿದವು. 2023ರಲ್ಲಿ 500 ಡಾಲರಿಗಿಂತ ಕಡಿಮೆ ಇರುವ ಕಲೆಕ್ಷನ್ ಬಾಕಿಗಳನ್ನೂ ತೆಗೆದವು. ಇನ್ನು ತುರ್ತು ಹೊತ್ತಿನಲ್ಲಿ ಬಿಲ್ಲಿನ ಯೋಚನೆ ಬೇಡವೇ ಬೇಡ. 1986ರ ಕಾನೂನಿನ ಪ್ರಕಾರ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿಯವರು ದುಡ್ಡಿನ ವಿಷಯ ಏನೇ ಇರಲಿ, ನಿಮ್ಮನ್ನು ಪರೀಕ್ಷಿಸಬೇಕು, ತುರ್ತು ಸ್ಥಿತಿ ಇದ್ದರೆ ಅದನ್ನು ಹತೋಟಿಗೆ ತರಬೇಕು. ಎದೆನೋವು ಬಂದಾಗ ಮನೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ, ದಯವಿಟ್ಟು.

ನನ್ನ ಬಿಲ್ಲು ಏನಾಯಿತು ಅಂದರೆ, ನಾಲ್ಕನೇ ಫೋನಿನಲ್ಲಿ ಬಿಲ್ಲಿಂಗ್ ಆಫೀಸಿನ ಒಬ್ಬ ಹೆಣ್ಣುಮಗಳು ಸಿಕ್ಕರು. "ರಕ್ತ ಪರೀಕ್ಷೆಯ ಸಾಲು ಯಾವ ಕಾಯಿಲೆ ಕೋಡಿಗೆ ಸೇರಿಸಿದ್ದೀರಿ, ನೋಡ್ತೀರಾ?" ಅಂತ ಕೇಳಿದೆ. ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಅವರು "ಓ, ಇದು ತಪ್ಪಾಗಿದೆ" ಅಂದರು. ಅದೇ ದಿನ ಕರೆಕ್ಟೆಡ್ ಕ್ಲೇಮ್ ಹೋಯಿತು. ತಿಂಗಳ ಮೇಲೆ ಹೊಸ ಇಓಬಿ ಬಂತು, 58 ಡಾಲರ್ ಅಳಿಸಿತ್ತು. ಮಂಡಿಯ 128 ಕಟ್ಟಿದೆ.

ಮುಂದಿನ ವರ್ಷ ಅದೇ ಕೋಣೆಯಲ್ಲಿ ಕೂತಿದ್ದಾಗ ಡಾಕ್ಟರ್ ಮತ್ತೆ "ಬೇರೆ ಏನಾದರೂ ಇದೆಯಾ?" ಅಂದರು. ಈ ಸಲ ಭುಜ ನೋಯುತ್ತಿತ್ತು. "ಹೇಳಿದರೆ ಅದು ಬೇರೆ ಭೇಟಿ ಅಂತ ಆಗುತ್ತಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಆಗುತ್ತೆ. ಬೇಕಾದರೆ ಇನ್ನೊಂದು ದಿನ ನೋಡೋಣ" ಅಂದರು. ಕೈ ಎತ್ತಲು ಆಗದೆ ಮೂರು ವಾರ ಆಗಿತ್ತು. ಇವತ್ತೇ ನೋಡಿ ಅಂದೆ.